ಪರಿಹಾರ ಉಳುವವರ ಕೈ ಸೇರಲಿ



ಕೊಯ್ಲಿಗೆ ಬಂದ ಭತ್ತ ಮಳೆಗೆ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆಯೊಡೆದರೆ ಸಿಂಧನೂರಿನ ರೈತನ ಇಡೀ ಹಂಗಾಮಿನ ದುಡಿಮೆಯೇ ಹೋದಂತೆ. ಮಸ್ಕಿ, ಲಿಂಗಸುಗೂರಿನ ಎರೆಹೊಲಗಳಲ್ಲಿ ನೀರು ನಿಂತು ತೊಗರಿಯ ಬೇರು ಕೊಳೆತಾಗಲೂ ಅದೇ ಗತಿ.

2022–26ರ ಅವಧಿಯ ವಿಪತ್ತು ಪರಿಹಾರ ನಿಯಮದಂತೆ ಶೇ 33ರಷ್ಟು ಅಥವಾ ಹೆಚ್ಚು ಹಾನಿಯಾದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ₹8,500, ನೀರಾವರಿ ಬೆಳೆಗೆ ₹17,000. ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಒಣಬೇಸಾಯದವರಿಗೆ ಎಕರೆಗೆ ಸಿಗುವುದು ಸುಮಾರು ₹3,400. ಬೀಜ, ಗೊಬ್ಬರ, ಕೂಲಿಯ ಮುಂದೆ ಇದು ಎಲ್ಲಿಗೆ ಸಾಲುತ್ತದೆ? 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಹೆಕ್ಟೇರಿಗೆ ಹೆಚ್ಚುವರಿ ₹8,500 ಘೋಷಿಸಿದ್ದು ಸ್ವಾಗತಾರ್ಹ.

ವಿಳಂಬ ಇನ್ನೊಂದು ಪೆಟ್ಟು. 2023ರ ಮುಂಗಾರಿನ ಬರಕ್ಕೆ ಕೇಂದ್ರದ ₹3,454 ಕೋಟಿ ಬಿಡುಗಡೆಯಾಗಿದ್ದು, ರಾಜ್ಯವು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಬಳಿಕ, 2024ರ ಏಪ್ರಿಲ್‌ನಲ್ಲಿ.

ಹಣ ಪಹಣಿಯಲ್ಲಿ ಹೆಸರಿರುವವರ, ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಲೀಜಿಗೆ ಹೊಲ ಮಾಡಿ, ಸಾಲ ತಂದು ನಾಟಿ ಮಾಡಿದವರು ಬರಿಗೈಯಲ್ಲಿ ಉಳಿಯುತ್ತಾರೆ. ತಂದೆ ತೀರಿಕೊಂಡರೂ ಪೌತಿ ಖಾತೆಯಾಗದ ಮಕ್ಕಳ ಪಾಡೂ ಹೀಗೆಯೇ.

ಬೆಳೆ ಸಮೀಕ್ಷೆಯಲ್ಲಿ ಉಳುವವರ ಹೆಸರನ್ನೂ ದಾಖಲಿಸಬೇಕು. ಹಾನಿ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಿ, ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು. ಪರಿಹಾರದ ಹಣವನ್ನು ಬ್ಯಾಂಕುಗಳು ಹಳೆಯ ಸಾಲಕ್ಕೆ ಮುರಿದುಕೊಳ್ಳದಂತೆ ಜಿಲ್ಲಾಡಳಿತ ನೋಡಿಕೊಳ್ಳಲಿ.

– ಓದುಗರು, ಸಿಂಧನೂರು