ಹಳೆಯ ಮರ, ಹೊಸ ಮಣೆ

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಹೆಂಚಿನ ಮಾಡು ನಾಡಿನ ಹಲವೆಡೆ ಹಬ್ಬಿತು. ಆ ಮಾಡುಗಳನ್ನು ಹೊತ್ತದ್ದು ತೊಲೆ, ಪಕಾಸು, ರೀಪುಗಳ ಮರದ ಹಂದರ. ಇಂದು ಅಂತಹ ಮನೆಗಳನ್ನು ಕೆಡವಿ ತಾರಸಿ ಹಾಕಿಸುತ್ತಿದ್ದೇವೆ. ಕೆತ್ತನೆಯ ಬಾಗಿಲಿಗೂ ದಪ್ಪ ತೊಲೆಗಳಿಗೂ ಕೊಳ್ಳುವವರು ದೊರೆಯುತ್ತಾರೆ. ತುಂಡು ಪಕಾಸು, ಮುರಿದ ಕಿಟಕಿಯ ಚೌಕಟ್ಟು ಮುಂತಾದವು ಬಚ್ಚಲ ಒಲೆಯ ಪಾಲಾಗುತ್ತವೆ. ಹಲವು ದಶಕ ಬೆಳೆದು, ಮತ್ತೆ ಹಲವು ದಶಕ ಮನೆಯ ಭಾರ ಹೊತ್ತ ತೇಗ ಒಂದು ಹಂಡೆ ನೀರು ಕಾಯಿಸಿ ಬೂದಿಯಾಗುವುದು ಶುದ್ಧ ದುಂದು ಎಂದೇ ನನ್ನ ಎಣಿಕೆ.

ಹಳೆಯ ಮರವನ್ನು ಬಳಸುವುದು ಬಡವರ ಪಾಡೆಂದು ತಿಳಿಯುವವರಿದ್ದಾರೆ. ಮರದ ಗುಣವನ್ನು ಬಲ್ಲ ಬಡಗಿ ಹಾಗೆನ್ನಲಾರ. ಹಸಿಮರ ಒಣಗುವಾಗ ಉದ್ದಕ್ಕಿಂತ ಅಗಲದಲ್ಲಿ ಹೆಚ್ಚಾಗಿ ಕುಗ್ಗುತ್ತದೆ. ಎಲ್ಲೆಡೆ ಸಮನಾಗಿ ಕುಗ್ಗದ ಕಾರಣ ಹಲಗೆ ತಿರುಚಿಕೊಳ್ಳುತ್ತದೆ, ಬಿರಿಯುತ್ತದೆ. ಹಳೆಯ ತೊಲೆ ಈ ಪರೀಕ್ಷೆಯನ್ನು ಎಂದೋ ದಾಟಿದೆ. ಮಳೆಗಾಲದಲ್ಲಿ ತುಸು ಉಬ್ಬುವ ಸ್ವಭಾವ ಅದಕ್ಕೂ ಉಂಟು, ಅಷ್ಟೆ. ಕುಟ್ಟೆ ಹಿಡಿದುದನ್ನೂ ಗೆದ್ದಲು ತಿಂದುದನ್ನೂ ಬೇರ್ಪಡಿಸಿದರೆ ಉಳಿಯುವುದು ಗಟ್ಟಿ ಚೇಗು.

ಇಂತಹ ತುಂಡುಗಳಿಂದ ಊಟದ ಮಣೆ, ಗ್ರಂಥವನ್ನಿಟ್ಟು ಓದುವ ವ್ಯಾಸಪೀಠ, ಗೋಡೆಯ ಸಣ್ಣ ಅಲಮಾರು ಇವನ್ನೆಲ್ಲ ಮಾಡಬಹುದು. ಕೈಗರಗಸ ಒಂದು ಹೊತ್ತೆಲ್ಲ ಸೀಳುವ ಮರವನ್ನು ಮೇಜುಗರಗಸ ಕ್ಷಣದಲ್ಲಿ ಸೀಳುತ್ತದೆ. ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ಹಲ್ಲಿನ ಚಕ್ರವೇ ಈ ಯಂತ್ರದ ಜೀವ. ಆದರೆ ಇದು ಕೈಯ ಕೆಲಸವನ್ನು ಮುಗಿಸುವುದಿಲ್ಲ, ಮೊದಲಿಗೆ ತರುತ್ತದೆ. ಹಳೆಯ ಮರದ ಪ್ರತಿಯೊಂದು ಮೊಳೆಯನ್ನೂ ಹುಡುಕಿ ಕೀಳಬೇಕು. ಒಳಗೆ ಮುರಿದು ಉಳಿದ ಮೊಳೆ ಚಕ್ರದ ಹಲ್ಲನ್ನು ಹಾರಿಸೀತು. ಒಂದು ಅಂಚನ್ನಾದರೂ ಕೀಸುಳಿಯಿಂದ ನೇರಗೊಳಿಸಬೇಕು. ಸೊಟ್ಟ ಅಂಚನ್ನು ಮೇಜಿನ ನೇರಪಟ್ಟಿಗೆ ಒರಗಿಸಿ ನೂಕಿದರೆ ಮರ ಪಟ್ಟಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಂಡು, ನೂಕಿದವನ ಕಡೆಗೇ ಬಾಣದಂತೆ ಚಿಮ್ಮುತ್ತದೆ. ಇದನ್ನು ತಡೆಯಲೆಂದೇ ಚಕ್ರದ ಹಿಂದೆ ಲೋಹದ ತೆಳು ಪಟ್ಟಿಯಿರುತ್ತದೆ; ಅದು ಕೊಯ್ದ ಸೀಳು ಮತ್ತೆ ಮುಚ್ಚಿಕೊಳ್ಳದಂತೆ ಹಿಡಿಯುತ್ತದೆ. ಅಡ್ಡಿಯೆಂದು ಅದನ್ನು ಕಳಚಿಡುವ ಜಾಣರೂ ಉಂಟು! ಕಿರಿದಾದ ತುಂಡನ್ನು ಬೆರಳಿನಿಂದಲ್ಲ, ನೂಕುಗೋಲಿನಿಂದ ತಳ್ಳಬೇಕು. ಸಡಿಲ ತೋಳಿನ ಅಂಗಿ, ಕೈಗವಸು, ಇಳಿಬಿದ್ದ ಉತ್ತರೀಯ ಇವೆಲ್ಲ ಅಲ್ಲಿ ಸಲ್ಲವು. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಸಾರಿದೆ. ಹಳೆಯ ಬಣ್ಣದಲ್ಲಿ ಸೀಸವೂ ಇರುವುದುಂಟು. ಆದುದರಿಂದ ಮೂಗು ಬಾಯಿಗಳಿಗೆ ಮುಸುಕು ಬೇಕೇ ಬೇಕು.

ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಶಿಕ್ಷಣಕ್ರಮದ ನಡುವೆ ಇದ್ದುದು ಒಂದು ಕೈಕಸುಬು. ನಮ್ಮ ಶಾಲೆಗಳಲ್ಲಿ ಅದು ಬೇರೂರಲಿಲ್ಲ. ಮರಗೆಲಸವನ್ನಾದರೂ ಮತ್ತೆ ತರಬೇಕೆಂಬುದು ನನ್ನ ವಾದ. ವಿದ್ಯಾರ್ಥಿಗಳು ಮೊಳೆ ಕೀಳಲಿ, ಅಳೆಯಲಿ, ಕೀಸಲಿ, ಅಂಟು ಹಾಕಿ ಜೋಡಿಸಲಿ. ಮೇಜುಗರಗಸ ಮಾತ್ರ ಪಳಗಿದ ದೊಡ್ಡವರ ಕೈಯಲ್ಲಿಯೇ ಇರಲಿ; ಈ ವಿಷಯದಲ್ಲಿ ಮಕ್ಕಳ ಉತ್ಸಾಹಕ್ಕೆ ಮಣಿಯಬಾರದು.

ಸಿದ್ಧವಾದ ಮಣೆಯಲ್ಲಿ ಹಳೆಯ ಮೊಳೆಯ ತೂತುಗಳು ಕಾಣುತ್ತವೆ. ಮೇಣ ತುಂಬಿ ಅವನ್ನು ಮುಚ್ಚುವವರಿದ್ದಾರೆ. ನನಗೆ ಅವು ಹಾಗೆಯೇ ಇರುವುದು ಮೆಚ್ಚು. ಅಂಚಿನ ಸಿಬಿರು ಮಾತ್ರ ಕುಳಿತವರ ಬಟ್ಟೆಗೆ ತೊಡರದಂತೆ ಉಜ್ಜುಕಾಗದದಿಂದ ನುಣುಪು ಮಾಡಬೇಕು.