ಗೋಪುರವನ್ನು ತೊರೆದ ಫಿರಂಗಿ

ಯುದ್ಧಯಂತ್ರಗಳ ವಿಷಯವನ್ನು ಓದುವ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಅಂಕಿಗಳನ್ನು ಕಂಠಪಾಠ ಮಾಡುತ್ತಾರೆ: ಫಿರಂಗಿಯ ಬಾಯಿ ಎಷ್ಟು ಅಗಲ, ಉಕ್ಕಿನ ಕವಚ ಎಷ್ಟು ದಪ್ಪ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ದೇಶವು ನಿರ್ಮಿಸಿದ ಸ್ವಯಂಚಲ ಫಿರಂಗಿಗಳನ್ನು, ಎಂದರೆ ಕುದುರೆ ಲಾರಿಗಳ ಎಳೆತವಿಲ್ಲದೆ ತಮ್ಮ ಎಂಜಿನಿನಿಂದಲೇ ಸಾಗಿ ಶತ್ರುವಿನ ಟ್ಯಾಂಕುಗಳನ್ನು ಎದುರಿಸಿದ ಫಿರಂಗಿಗಳನ್ನು, ಈ ಅಂಕಿಗಳಿಂದ ಮಾತ್ರ ಅಳೆದರೆ ಅವುಗಳ ತಿರುಳು ಕೈತಪ್ಪುತ್ತದೆಂದು ನನ್ನ ಅಭಿಪ್ರಾಯ. ಅವನ್ನು ರಚಿಸಿದವರು ಏನನ್ನು ಬಿಟ್ಟುಕೊಟ್ಟರು, ಯಾವುದನ್ನು ಪರೀಕ್ಷಿಸಿ ನೋಡಿದರು, ಯಾವುದನ್ನು ಪರೀಕ್ಷೆ ಮುಗಿಯುವ ಮೊದಲೇ ರಣರಂಗಕ್ಕೆ ಕಳುಹಿಸಿದರು ಎಂಬುದನ್ನೇ ಮೊದಲು ಕೇಳಬೇಕು.

1941ರ ಜೂನ್ 22ರಂದು ಜರ್ಮನಿಯು ದಾಳಿಯಿಟ್ಟಾಗ ಕೈಗೆ ಸಿಕ್ಕಿದ್ದನ್ನು ಜೋಡಿಸಿ ಹೋರಾಡಬೇಕಾಯಿತು. ಗೋರ್ಕಿ ನಗರದ ಕಾರ್ಖಾನೆಯಲ್ಲಿ ‘ಕೊಮ್ಸೊಮೊಲೆಟ್ಸ್’ ಎಂಬ ಪುಟ್ಟ ಸರಪಳಿಗಾಲಿ ಟ್ರ್ಯಾಕ್ಟರಿನ ಮೇಲೆ 57 ಮಿಲಿಮೀಟರಿನ ಫಿರಂಗಿಯನ್ನು ಕೂರಿಸಿದರು. ಇದೇ ಜಿಸ್-30. ಫಿರಂಗಿಯೇನೋ ಉತ್ತಮವಾದುದೇ, ಆದರೆ ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನನ ನಿಯಮಕ್ಕೆ ಯುದ್ಧಕಾಲದಲ್ಲಿಯೂ ವಿನಾಯಿತಿಯಿಲ್ಲ. ಗುಂಡು ಮುಂದಕ್ಕೆ ಹಾರಿದಾಗ ಹಿಂದಕ್ಕೆ ಬಿದ್ದ ಒದೆತವನ್ನು ಆ ಹಗುರ ಟ್ರ್ಯಾಕ್ಟರು ತಾಳಲಾರದಾಯಿತು. ಮೀರಿದ ಹೊರೆಯನ್ನು ಕಟ್ಟಿದ ಟ್ರ್ಯಾಕ್ಟರಿನ ಮುಂಗಾಲಿ ಮೇಲೇಳುವುದನ್ನು ಕತ್ತಲಗೆರೆಯ ಕೆಸರುಗದ್ದೆಗಳಲ್ಲಿ ಕಂಡವರು ಅದರ ಪಾಡನ್ನು ಸುಲಭವಾಗಿ ಊಹಿಸಬಲ್ಲರು. ಸುಮಾರು ನೂರು ವಾಹನಗಳಾದ ಮೇಲೆ ಅದರ ತಯಾರಿಕೆ ನಿಂತಿತು.

1943ರ ಜನವರಿಯಲ್ಲಿ ಲೆನಿನ್‌ಗ್ರಾಡಿನ ಬಳಿ ಜರ್ಮನರ ಟೈಗರ್ ಟ್ಯಾಂಕೊಂದು ಸೆರೆಸಿಕ್ಕಿತು. ಏಪ್ರಿಲಿನಲ್ಲಿ ಕುಬಿಂಕಾ ಪರೀಕ್ಷಾ ಬಯಲಿನಲ್ಲಿ ಅದನ್ನು ನಿಲ್ಲಿಸಿ ಬೇರೆಬೇರೆ ಫಿರಂಗಿಗಳಿಂದ ಹೊಡೆದು ನೋಡಿದರು. ಸೋವಿಯತ್ ಸೇನೆಯ ನೆಚ್ಚಿನ ಟಿ-34 ಟ್ಯಾಂಕಿನ 76 ಮಿಲಿಮೀಟರ್ ಫಿರಂಗಿಯು ಇನ್ನೂರು ಮೀಟರ್ ಸಮೀಪದಿಂದಲೂ ಟೈಗರಿನ ಪಕ್ಕದ ಕವಚವನ್ನು ಭೇದಿಸಲಿಲ್ಲ. ವಿಮಾನಗಳನ್ನು ಹೊಡೆಯಲೆಂದು ಮಾಡಿದ್ದ 85 ಮಿಲಿಮೀಟರ್ ಫಿರಂಗಿಯಾದರೋ ಒಂದು ಕಿಲೋಮೀಟರು ದೂರದಿಂದ ಅದರ ಮುಂಭಾಗವನ್ನೇ ತೂತು ಮಾಡಿತು. ಇದರಲ್ಲಿ ಪವಾಡವಿಲ್ಲ. ಆಕಾಶದ ಎತ್ತರಕ್ಕೆ ಗುಂಡನ್ನು ಎಸೆಯಬೇಕಾದ ಫಿರಂಗಿಗೆ ವೇಗವು ಹೆಚ್ಚಾಗಿರಲೇಬೇಕು. ಅದರ 9 ಕಿಲೋಗ್ರಾಮಿಗೂ ಮಿಕ್ಕ ಗುಂಡು ಸೆಕೆಂಡಿಗೆ ಸುಮಾರು 800 ಮೀಟರು ವೇಗದಿಂದ ಹೊರಡುತ್ತಿತ್ತು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತವಾಗಿ ಬೆಳೆಯುತ್ತದೆಂಬುದನ್ನು ಬಲ್ಲ ವಿದ್ಯಾರ್ಥಿಯು ಲೆಕ್ಕಹಾಕಿ ನೋಡಲಿ: ಹಳೆಯ ಫಿರಂಗಿಯ ಆರೂವರೆ ಕಿಲೋಗ್ರಾಮಿನ, 660 ಮೀಟರು ವೇಗದ ಗುಂಡಿಗಿಂತ ಇದರ ಶಕ್ತಿ ಎರಡು ಪಟ್ಟು!

ಈ ಫಿರಂಗಿಯನ್ನು ಹೊರುವವರು ಯಾರು? ಟಿ-34ರ ತಿರುಗುಗೋಪುರ ಅದಕ್ಕೆ ಇಕ್ಕಟ್ಟು. ಹೊಸ ಗೋಪುರವನ್ನು ರಚಿಸಲು ಕಾಲ ಬೇಕು, ಕಾಲವಿರಲಿಲ್ಲ. ಸ್ವೆರ್ಡ್ಲೋವ್‌ಸ್ಕ್ ನಗರದ ಉರಾಲ್‌ಮಾಷ್ ಕಾರ್ಖಾನೆಯಲ್ಲಿ ಲೆವ್ ಗೊರ್ಲಿಟ್ಸ್ಕಿಯ ತಂಡವು ಗೋಪುರವನ್ನೇ ತೊರೆದು, ಟಿ-34ರ ಒಡಲ ಮೇಲೆ ಸ್ಥಿರವಾದ ಉಕ್ಕಿನ ಕೋಣೆಯನ್ನು ಕಟ್ಟಿ, ಫ್ಯೋದೊರ್ ಪೆಟ್ರೊವ್ ರಚಿಸಿದ 85 ಮಿಲಿಮೀಟರ್ ಫಿರಂಗಿಯನ್ನು ಅದರ ಮುಂಭಾಗದಲ್ಲಿ ಅಳವಡಿಸಿತು. 1943ರ ಆಗಸ್ಟಿನಲ್ಲಿ ಎಸ್‌ಯು-85ರ ತಯಾರಿಕೆ ಮೊದಲಾಯಿತು. ಎಂಜಿನು, ಗಾಲಿ, ಸರಪಳಿಗಳೆಲ್ಲ ಹಳೆಯವೇ ಆದುದರಿಂದ ಬಿಡಿಭಾಗಗಳಿಗೆ ಪರದಾಟವಿಲ್ಲ. ಇದರ ಬೆಲೆಯನ್ನು ಒಳಗೆ ಕುಳಿತ ನಾಲ್ವರು ತೆತ್ತರು: ಫಿರಂಗಿಯು ಎಡಬಲಕ್ಕೆ ಸುಮಾರು ಹತ್ತು ಹತ್ತು ಡಿಗ್ರಿ ಮಾತ್ರ ಹೊರಳುತ್ತಿತ್ತು, ಶತ್ರು ಪಕ್ಕದಿಂದ ಬಂದರೆ ಇಡೀ ವಾಹನವನ್ನೇ ತಿರುಗಿಸಬೇಕು. ಮುಂಭಾಗದ ಕವಚವೂ 45 ಮಿಲಿಮೀಟರು ಮಾತ್ರ.

1944ರಲ್ಲಿ ಟಿ-34ಕ್ಕೇ ದೊಡ್ಡ ಗೋಪುರವೂ 85 ಮಿಲಿಮೀಟರ್ ಫಿರಂಗಿಯೂ ಬಂದುವು. ಅಲ್ಲಿಗೆ ಎಸ್‌ಯು-85ರ ಅಗತ್ಯ ತೀರಿತು. ಅದೇ ಒಡಲಿಗೆ ನೌಕಾಫಿರಂಗಿಯ ವಂಶದ 100 ಮಿಲಿಮೀಟರ್ ಫಿರಂಗಿಯನ್ನು ಹೂಡಿ, ಮುಂಗವಚವನ್ನು 75 ಮಿಲಿಮೀಟರಿಗೆ ಏರಿಸಿದ ಎಸ್‌ಯು-100, 1945ರ ಮಾರ್ಚಿನಲ್ಲಿ ಹಂಗೆರಿಯ ಬಾಲಟನ್ ಸರೋವರದ ಬಳಿ ಜರ್ಮನ್ ಟ್ಯಾಂಕುಗಳನ್ನು ಎದುರಿಸಿತು.

ಇಷ್ಟನ್ನು ಓದಿ, ಅವಸರವೇ ಆವಿಷ್ಕಾರದ ತಾಯಿಯೆಂದು ಹೊಗಳುವವರುಂಟು. ನಾನು ಒಪ್ಪಲಾರೆ. ಎಸ್‌ಯು-76ರ ಕಥೆಯನ್ನು ಅವರು ಕೇಳಬೇಕು. ಸೆಮ್ಯೊನ್ ಗಿನ್ಸ್‌ಬುರ್ಗ್ ರಚಿಸಿದ ಈ ಹಗುರ ವಾಹನದಲ್ಲಿ ಎರಡು ಎಂಜಿನುಗಳು ಪಕ್ಕಪಕ್ಕದಲ್ಲಿದ್ದುವು. ಒಂದೇ ನೊಗಕ್ಕೆ ಹೆಜ್ಜೆ ಹೊಂದದ ಎತ್ತುಗಳನ್ನು ಕಟ್ಟಿದಂತೆ, ಅವುಗಳ ಓಟವನ್ನು ಸಮಗೊಳಿಸುವುದು ದುಸ್ತರವಾಯಿತು. ಶಕ್ತಿಯನ್ನು ಗಾಲಿಗಳಿಗೆ ಒಯ್ಯುವ ದಂಡಗಳೂ ಹಲ್ಲುಚಕ್ರಗಳೂ ಮುರಿಯತೊಡಗಿದುವು. ಪರೀಕ್ಷೆಗಳು ಮುಗಿಯುವುದಕ್ಕೆ ಮುನ್ನವೇ, 1942ರ ಡಿಸೆಂಬರಿನಲ್ಲಿ, ತಯಾರಿಕೆಗೆ ಆಜ್ಞೆಯಾಗಿತ್ತು. ಆದರೂ ಹೊಣೆಯನ್ನು ರಚನೆಕಾರನ ತಲೆಗೇ ಕಟ್ಟಿದರು. ಇದು ಅನ್ಯಾಯವಷ್ಟೇ ಅಲ್ಲ, ಅವಿವೇಕವೂ ಹೌದು. ಮುರಿದ ಹಲ್ಲುಚಕ್ರವು ಶಿಕ್ಷೆಯಿಂದ ಕೂಡಿಕೊಳ್ಳುವುದಿಲ್ಲ. ಅದನ್ನು ಸರಿಪಡಿಸಿದ್ದು ಎಂಜಿನುಗಳನ್ನು ಒಂದರ ಹಿಂದೊಂದರಂತೆ ಜೋಡಿಸಿದ ಹೊಸ ಏರ್ಪಾಡು. ಹೀಗೆ ತಿದ್ದಿದ ಎಸ್‌ಯು-76ಎಂ ಸೇರಿ ಈ ಬಗೆಯ ವಾಹನಗಳು ಸುಮಾರು 14 ಸಾವಿರ ತಯಾರಾದುವು. ಸೋವಿಯತ್ ಸೇನೆಯ ಕವಚವಾಹನಗಳಲ್ಲಿ ಸಂಖ್ಯೆಯಿಂದ ಇದಕ್ಕೆ ಮಿಗಿಲಾದುದು ಟಿ-34 ಒಂದೇ. ಗಿನ್ಸ್‌ಬುರ್ಗ್ ಅದನ್ನು ನೋಡಲು ಉಳಿಯಲಿಲ್ಲ. ಅವನನ್ನು ರಣರಂಗಕ್ಕೆ ಅಟ್ಟಿದ್ದರು. 1943ರಲ್ಲಿ ಅಲ್ಲಿಯೇ ಮಡಿದನು.