ಬಾರಿಗೊಂದು ಹಳೇ ಟ್ಯೂಬು ಸುತ್ತಿ

ಬೆಳಿಗ್ಗೆ ಏಳರ ಬಸ್ಸು ಹಿಡಿಯುವವನು ಸ್ಟ್ಯಾಂಡಿನಲ್ಲಿ ಸೈಕಲ್ ಬಿಟ್ಟು, ಚೀಟಿ ಜೇಬಿಗೆ ತುರುಕಿ ಓಡುತ್ತಾನೆ. ಸಂಜೆ ಬಂದು ನೋಡಿದರೆ ಬಿಟ್ಟ ಜಾಗದಲ್ಲಿ ಸೈಕಲ್ ಇರುವುದಿಲ್ಲ. ಎಲ್ಲೋ ಮೂಲೆಯಲ್ಲಿ, ನಾಲ್ಕು ಸೈಕಲ್ಲು, ಎರಡು ಬೈಕುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಪಕ್ಕದವನ ಪೆಡ್ಲು ಇವನ ಬಾರಿಗೆ ಒರಗಿರುತ್ತದೆ. ಎಳೆದರೆ ಕರ್ರ್ ಅಂತ ಒಂದು ಗೀರು. ಕೇಳಿದರೆ ಸ್ಟ್ಯಾಂಡಿನ ಹುಡುಗ, "ಸೈಕಲ್ ಅಂದ್ಮೇಲೆ ಗೀರು ಬೀಳ್ದೆ ಇರ್ತದಾ ಅಣ್ಣಾ?" ಅನ್ನುತ್ತಾನೆ.

ಬೀಳುತ್ತದೆ, ನಿಜ. ಆದರೆ ಗೀರು ಗೀರಾಗಿಯೇ ಉಳಿಯುವುದಿಲ್ಲ ಎಂಬುದೇ ತಕರಾರು.

ಬಣ್ಣ ಹೋದ ಜಾಗದಲ್ಲಿ ಕಬ್ಬಿಣಕ್ಕೆ ಗಾಳಿಯೂ ನೀರೂ ಒಟ್ಟಿಗೆ ತಾಗುತ್ತವೆ. ತುಕ್ಕು ಹಿಡಿಯುತ್ತದೆ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಹೆಚ್ಚು ಬೇಕು. ಆದ್ದರಿಂದ ಅದು ಉಬ್ಬಿ, ಪಕ್ಕದಲ್ಲಿ ಚೆನ್ನಾಗಿದ್ದ ಬಣ್ಣವನ್ನೂ ಎಬ್ಬಿಸುತ್ತದೆ. ಅದರಡಿಗೆ ಮತ್ತೆ ನೀರು, ಮತ್ತೆ ತುಕ್ಕು. ಸಾಸಿವೆ ಕಾಳಿನಷ್ಟಿದ್ದದ್ದು ಎರಡು ಮಳೆಗಾಲ ಕಳೆಯುವುದರೊಳಗೆ ನಾಲ್ಕಾಣೆಯಷ್ಟಾಗುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಪಾಳಿಯ ಸೈರನ್ನಿಗೆ ಸರಿಯಾಗಿ ಸೈಕಲ್ ತುಳಿದವರ ಮಕ್ಕಳು ಮೊಮ್ಮಕ್ಕಳು ಈ ಜಿಲ್ಲೆಯ ತುಂಬ ಇದ್ದಾರೆ. ಅವರಿಗೆ ತುಕ್ಕಿನ ಪಾಠ ಹೊಸದಲ್ಲ. ಆದರೂ ಮನೆಯ ಸೈಕಲ್ ಮಾತ್ರ ಸೂರಿನ ನೀರು ಬೀಳುವಲ್ಲೇ ನಿಂತಿರುತ್ತದೆ!

ಸೈಕಲ್ ಶಾಪಿನ ಹಳಬರು ಹೇಳುವ ಮಾತೊಂದಿದೆ: "ಟೈರ್ ಹೋದ್ರೆ ಟೈರ್ ಹಾಕ್ತೀವಿ, ಚೈನ್ ಹೋದ್ರೆ ಚೈನ್ ಹಾಕ್ತೀವಿ. ಫ್ರೇಮೇ ಹೋದ್ರೆ ಏನ್ ಹಾಕೋದು ಯಜಮಾನ್ರೇ?" ಅಷ್ಟೇ ವಿಷಯ. ಉಳಿದದ್ದೆಲ್ಲ ಬದಲಾಯಿಸಬಹುದಾದ ಸಾಮಾನು. ಫ್ರೇಮು ಅಂದರೆ ಸೈಕಲ್ಲೇ.

ಇದೇನು ದೊಡ್ಡ ಸುದ್ದಿಯೇ ಎಂದು ಕಾರಿನವರು ಕೇಳಬಹುದು. ಹಾಲಿನವನಿಗೆ, ಪೇಪರ್ ಹಾಕುವ ಹುಡುಗನಿಗೆ, ರಾತ್ರಿ ಕಾವಲಿನವನಿಗೆ, ಬಸ್ ಬಾರದ ಹಳ್ಳಿಯಿಂದ ಟಾರು ರಸ್ತೆಗೆ ಬರುವ ಹೈಸ್ಕೂಲ್ ಹುಡುಗಿಗೆ ದೊಡ್ಡ ಸುದ್ದಿಯೇ. 2006-07ನೇ ಸಾಲಿನಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಕೊರೊನಾ ಬಂದ ಮೇಲೆ ಆ ವಿತರಣೆ ನಿಂತಿತು. ಹಾಗೆ ಬಂದ ಸೈಕಲ್ಲು ಎಷ್ಟೋ ಮನೆಗಳಲ್ಲಿ ಅಕ್ಕನಿಂದ ತಂಗಿಗೆ, ತಂಗಿಯಿಂದ ಅಪ್ಪನಿಗೆ ಬಂದು ಇನ್ನೂ ಓಡುತ್ತಿದೆ. ಅದು ಮುರಿದರೆ ಇನ್ನೊಂದು ಮನೆ ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳುವುದೇ ಜಾಣತನ. ಅದಕ್ಕೆ ಬೇಕಾದ ದುಡ್ಡು ಒಂದೆರಡು ಟೀ ಕುಡಿಯುವಷ್ಟು.

ಮೊದಲನೆಯದು, ಹಳೇ ಟ್ಯೂಬು. ಪಂಚರ್ ಹಾಕಿ ಹಾಕಿ ಕೈಬಿಟ್ಟ ಟ್ಯೂಬು ಯಾವ ಶಾಪಿನಲ್ಲಿ ಕೇಳಿದರೂ ಸಿಗುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಒಳಗಿನ ಪುಡಿ ಒರೆಸಿ, ಬಾರಿನ ಮೇಲೆ ಹೊದಿಸಿ. ಸೀಳಿದ ಬಾಯಿ ಕೆಳಗೆ ಬರಲಿ, ಒಳಹೊಕ್ಕ ನೀರು ಇಳಿದುಹೋಗುತ್ತದೆ. ಟ್ಯೂಬಿನದೇ ಸಣ್ಣ ಪಟ್ಟಿಗಳಿಂದ ಅಲ್ಲಲ್ಲಿ ಬಿಗಿದು ಕಟ್ಟಿದರೆ ಮುಗಿಯಿತು. ಪಕ್ಕದ ಪೆಡ್ಲು ಬಡಿದರೂ ರಬ್ಬರಿಗೆ ಬಡಿದಂತೆ. ಓರೆಯಾಗಿರುವ ಪೈಪಿಗೆ ಪಟ್ಟಿ ಸುತ್ತುವುದಾದರೆ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಹೆಂಚು ಹೊದಿಸುವ ಲೆಕ್ಕವೇ ಇದು. ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತರೆ ನೀರು ಜಾರುತ್ತದೆ, ತಿರುಗುಮುರುಗಾದರೆ ಒಳಗೆ ಇಳಿಯುತ್ತದೆ. ಚೈನಿನ ಪಕ್ಕದ ಹಿಂದಿನ ಪೈಪಿಗೂ ಒಂದು ಪಟ್ಟಿ ಸುತ್ತಿ. ಸಡಿಲಾದ ಚೈನು ಗುಂಡಿ ಸಿಕ್ಕಿದಾಗಲೆಲ್ಲ ಹೊಡೆಯುವುದು ಅಲ್ಲಿಗೇ.

ಎರಡನೆಯದು, ಲೋಡು. ಕ್ಯಾರಿಯರಿನ ಎರಡೂ ಕಡೆ ಕ್ಯಾನು ಕೊಕ್ಕೆ ಹಾಕಿ ನೇತುಬಿಟ್ಟವರು ಹಿಂದಿನ ಪೈಪುಗಳನ್ನು ಒಮ್ಮೆ ಸವರಿ ನೋಡಲಿ. ದಿನಕ್ಕೆ ಹತ್ತು ಮೈಲಿ ಕ್ಯಾನು ತಿಕ್ಕಿದರೆ ಬಣ್ಣವೇನು, ಕಬ್ಬಿಣವೂ ಸವೆಯುತ್ತದೆ. ನಡುವೆ ಹಳೇ ಟೈರಿನ ಗೇಣುದ್ದ ತುಂಡು ಕಟ್ಟಿದರೆ ಸಾಕು. ಸರಪಳಿ ಬೀಗ ಹಾಕುವವರು ಸರಪಳಿಗೂ ಟ್ಯೂಬಿನ ತುಂಡು ತೊಡಿಸಲಿ.

ತೋಟದವರಿಗೆ ಇನ್ನೊಂದು ಮಾತು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎಂದು ಎಲ್ಲರಿಗೂ ಗೊತ್ತು. ಅದರಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಅದೇ ಮೈಲುತುತ್ತದ ಚೀಲವನ್ನು ಒದ್ದೆ ಕ್ಯಾರಿಯರಿನ ಮೇಲೆ ಹೇರಿ ತರುವಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಗೊಬ್ಬರದ ಚೀಲ, ಉಪ್ಪಿನ ಚೀಲದ ಕಥೆಯೂ ಇಷ್ಟೇ. ಕೆಳಗೊಂದು ಪ್ಲಾಸ್ಟಿಕ್ ಹಾಳೆ ಹಾಕಿ, ಮನೆಗೆ ಬಂದ ಮೇಲೆ ಒಂದು ಚೊಂಬು ಒಳ್ಳೇ ನೀರು ಸುರಿದು ಒರೆಸಬೇಕು.

ಮೂರನೆಯದು ಕಣ್ಣಿಗೆ ಕಾಣದ್ದು. ಮಳೆನೀರು ಸೀಟಿನ ಪೈಪಿನ ಬಾಯಿಂದ ಇಳಿದು, ಪೆಡ್ಲಿನ ಅಚ್ಚು ಕೂರುವ ಗೂಡಿನ ಹತ್ತಿರ ನಿಲ್ಲುತ್ತದೆ. ಹೊರಗೆ ಬಣ್ಣ ಮಿರಮಿರ, ಒಳಗೆ ತುಕ್ಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ಬೇಡ, ಶಿವಮೊಗ್ಗದ ಮಳೆಯೇ ಸಾಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸೀಟಿನ ಬೋಲ್ಟು ಸಡಿಲಿಸಿ, ಸೀಟು ಕಿತ್ತು, ಸೈಕಲ್ಲನ್ನು ಒಂದು ಗಂಟೆ ತಲೆಕೆಳಗು ಮಾಡಿ ನಿಲ್ಲಿಸಿ. ನೀರಿದ್ದರೆ ಬಸಿಯುತ್ತದೆ. ಒಣಗಿದ ಮೇಲೆ ಎರಡು ಚಮಚ ಎಣ್ಣೆ ಒಳಗೆ ಬಿಟ್ಟು, ಸೈಕಲ್ಲನ್ನು ಅತ್ತಿತ್ತ ವಾಲಿಸಿದರೆ ಒಳಗೋಡೆಗೆ ಹಿಡಿಯುತ್ತದೆ. ಮೋಟಾರಿನಿಂದ ತೆಗೆದ ಹಳೇ ಎಣ್ಣೆಯಾದರೂ ನಡೆಯುತ್ತದೆ, ಕೈ ಚೆನ್ನಾಗಿ ತೊಳೆದುಕೊಂಡರಾಯಿತು. ಬ್ರೇಕಿನ ರಬ್ಬರಿಗೆ, ರಿಮ್ಮಿಗೆ ಮಾತ್ರ ಒಂದು ಹನಿಯೂ ತಾಗಬಾರದು. ಸೀಟಿನ ಕಂಬಿಗೆ ಗ್ರೀಸು ಸವರಿ ಕೂರಿಸಿದರೆ ಮುಂದಿನ ಸಲ ಸಲೀಸಾಗಿ ಬರುತ್ತದೆ. ಇಲ್ಲದಿದ್ದರೆ ತುಕ್ಕಿಗೆ ಕಚ್ಚಿಕೊಂಡು, ಸುತ್ತಿಗೆ ಹಿಡಿದವನ ತೋಳು ಬೀಳಬೇಕಷ್ಟೆ.

ಆಗಲೇ ಗೀರು ಬಿದ್ದಿದ್ದರೆ? ಎಮರಿ ಪೇಪರಿನಲ್ಲಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ರೆಡ್ ಆಕ್ಸೈಡ್ ಒಂದು ಕೈ, ಒಣಗಿದ ಮೇಲೆ ಬಣ್ಣ ಒಂದು ಕೈ. ಡಬ್ಬಿ ಕೊಳ್ಳುವುದು ದಂಡ ಅನ್ನಿಸಿದರೆ, ಸಣ್ಣ ಗೀರಿಗೆ ಮನೆಯ ಹೆಣ್ಣುಮಕ್ಕಳ ಉಗುರುಬಣ್ಣವೂ ಆಗುತ್ತದೆ. ಬಣ್ಣ ಹೊಂದದಿದ್ದರೆ ಬೀಗರೇನೂ ನೋಡಲು ಬರುವುದಿಲ್ಲ! ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ಮಾತ್ರ ಹುಣ್ಣಿನ ಮೇಲೆ ಪೌಡರ್ ಹಾಕಿದ ಹಾಗೆ.

ಮಾಡಬಾರದ ಎರಡು ಕೆಲಸವನ್ನೂ ಹೇಳಿಬಿಡಬೇಕು. ಒಂದು, ಬಟ್ಟೆ, ಗೋಣಿ, ತೆಂಗಿನ ಹಗ್ಗ ಸುತ್ತುವುದು. ನೋಡಲು ಗಟ್ಟಿ, ಆದರೆ ಒಮ್ಮೆ ನೆನೆದರೆ ಎರಡು ದಿನ ನೀರು ಬಿಡುವುದಿಲ್ಲ. ರಕ್ಷಣೆಗೆ ಹಾಕಿದ್ದೇ ಭಕ್ಷಣೆಗೆ ನಿಲ್ಲುತ್ತದೆ. ಟ್ಯೂಬು ಸುತ್ತಿದವರೂ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ ಮತ್ತೆ ಸುತ್ತಬೇಕು. ಎರಡು, ಬಿರುಕು ಮುಚ್ಚುವುದು. ಹ್ಯಾಂಡಲ್ ಕೂರುವ ಪೈಪಿನ ಹತ್ತಿರ, ಪೆಡ್ಲಿನ ಗೂಡಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡರೂ, ಪೈಪು ಮಡಿಕೆ ಬಿದ್ದಿದ್ದರೂ ಟ್ಯೂಬು ಸುತ್ತಿ ಸುಮ್ಮನಾಗಬೇಡಿ. ಇಳಿಜಾರಿನಲ್ಲಿ ಫ್ರೇಮು ಎರಡಾದರೆ ಹೋಗುವುದು ಸೈಕಲ್ಲಲ್ಲ, ಹಲ್ಲು, ಮೂಗು, ಕೆಲವೊಮ್ಮೆ ಪ್ರಾಣ. ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಿಯೇ ಹತ್ತಬೇಕು.

ಇಷ್ಟೆಲ್ಲ ಸೈಕಲ್ಲಿನವನೇ ಮಾಡಿಕೊಳ್ಳಲಿ. ಒಪ್ಪುವ ಮಾತೇ. ಆದರೆ ಚೀಟಿ ಹರಿದು ದುಡ್ಡು ಪಡೆಯುವವರ ಪಾಲೇನು? ಬೈಕಿನ ಸಾಲು ಬೇರೆ, ಸೈಕಲ್ಲಿನ ಸಾಲು ಬೇರೆ ಮಾಡಲು ಒಂದು ಹಗ್ಗ ಸಾಕು. ಸೈಕಲ್ ಒರಗಿಸುವ ಕಂಬಿಗೆ ಹಳೇ ಟೈರು ಕಟ್ಟಲು ಅರ್ಧ ದಿನ ಸಾಕು. ಮೇಲೆ ನಾಲ್ಕು ಶೀಟು ಹೊದಿಸಲು ಸ್ವಲ್ಪ ಹಣ ಬೇಕು, ನಿಜ. ಸ್ಟ್ಯಾಂಡನ್ನು ಹರಾಜಿಗೆ ಕೂಗುವವರು ಈ ಮೂರನ್ನೂ ಷರತ್ತಿನಲ್ಲಿ ಬರೆದುಬಿಟ್ಟರೆ ಯಾರೂ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ. ಇನ್ನು ಅಂಗಡಿಯವರು. ಬಾಗಿಲಿನ ಕಬ್ಬಿಣದ ಕಂಬಿಗೆ ಗಿರಾಕಿಯ ಸೈಕಲ್ ಒರಗುವ ಜಾಗದಲ್ಲಿ ಗೇಣುದ್ದ ಟ್ಯೂಬು ಸುತ್ತಿಟ್ಟರೆ ಅವರ ಬಾಗಿಲಿನ ಬಣ್ಣವೂ ಉಳಿದೀತು, ಗಿರಾಕಿಯೂ ಉಳಿದಾನು.

ಷರತ್ತು ಬರೆಯುವವರು ಬರೆಯುವಾಗ ಬರೆಯಲಿ. ಈ ಭಾನುವಾರ ಪಂಚರ್ ಅಂಗಡಿಗೆ ಹೋಗಿ ಒಂದು ಹಳೇ ಟ್ಯೂಬು ಕೇಳಲು ಯಾವ ಸರ್ಕಾರದ ಆರ್ಡರೂ ಬೇಕಾಗಿಲ್ಲ.